ಕನ್ನಡಕಕ್ಕೆ ಕನ್ನಡ ಬಂದರೆ...

ಸಂಜೆ ಹೊತ್ತಿನಲ್ಲಿ ಹಾಸನದಿಂದ ಅರಕಲಗೂಡಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರೆಲ್ಲ ಒಂದು ಚೋದ್ಯವನ್ನು ನೋಡಿರುತ್ತಾರೆ. ಗೊರೂರು ದಾಟುವಷ್ಟರಲ್ಲಿ ಹೊರಗೆ ಮಬ್ಬುಗತ್ತಲೆ; ಒಳಗೆ ದೀಪ ಹತ್ತುತ್ತದೆ. ಮುಚ್ಚಿದ ಗಾಜಿನಾಚೆ ಜೋಳದ ಹೊಲ, ತೆಂಗಿನ ಸಾಲು ಮಸುಕುಮಸುಕಾಗಿ ಓಡುತ್ತಿರುವಾಗಲೇ ಅದೇ ಹೊಲದ ನಡುವೆ ಬಸ್ಸಿನ ದೀಪಗಳು, ಕಂಬಿ ಹಿಡಿದು ನಿಂತ ಪ್ರಯಾಣಿಕರು, ಟಿಕೆಟ್ ಕೊಡುತ್ತಿರುವ ಕಂಡಕ್ಟರು ಎಲ್ಲ ತೇಲಾಡುತ್ತಿರುತ್ತಾರೆ. ಹೊಲವೂ ನಿಜ, ಕಂಡಕ್ಟರೂ ನಿಜ. ಕಂಡಕ್ಟರು ಹೊಲದಲ್ಲಿ ನಿಂತಿರುವುದು ಮಾತ್ರ ಸುಳ್ಳು!

ಸಾಧಾರಣ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಾದುಹೋಗಲು ಬಿಡುತ್ತದೆ. ನೂರಕ್ಕೆ ಸುಮಾರು ಎಂಟು ಪಾಲನ್ನು ಬಂದ ಕಡೆಗೇ ಹಿಂದಿರುಗಿಸುತ್ತದೆ. ಹಗಲಿನಲ್ಲೂ ಇದು ನಡೆದೇ ಇರುತ್ತದೆ, ಆದರೆ ಹೊರಗಿನ ಬೆಳಕಿನ ಅಬ್ಬರದಲ್ಲಿ ನಮ್ಮ ಗಮನಕ್ಕೆ ಬರುವುದಿಲ್ಲ. ಕಂಡಕ್ಟರು ಗಾಜಿನಿಂದ ಎರಡು ಅಡಿ ಈಚೆಗಿದ್ದರೆ ಅವರ ಪ್ರತಿಬಿಂಬ ಎರಡು ಅಡಿ ಆಚೆಗೆ ಕಾಣುತ್ತದೆ. ಹತ್ತನೇ ತರಗತಿಯ ಮಕ್ಕಳು ಇದನ್ನು ‘ಮಿಥ್ಯ ಪ್ರತಿಬಿಂಬ’ ಎಂದು ಪರೀಕ್ಷೆಯಲ್ಲಿ ಬರೆಯುತ್ತಾರೆ; ಬಸ್ಸಿನಲ್ಲಿ ಗುರುತಿಸುವವರು ಕಡಿಮೆ.

ಈ ಕಿಟಕಿಯ ಗಾಜನ್ನೇ ಕಿರಿದಾಗಿಸಿ ಮೂಗಿನ ಮೇಲೆ ಕೂರಿಸಿದರೆ ಹೇಗೆ? ಎದುರಿನ ಲೋಕವೂ ಕಾಣಬೇಕು, ಅದರ ಮೇಲೆ ನಮಗೆ ಬೇಕಾದ ಅಕ್ಷರ, ಬಾಣದ ಗುರುತು, ಚಿತ್ರ ಎಲ್ಲವೂ ತೇಲಬೇಕು. ಇದಕ್ಕೆ ‘ವರ್ಧಿತ ವಾಸ್ತವ’ ಎಂದು ಹೆಸರು. ಇಂಥ ಕನ್ನಡಕವನ್ನು ಸಾಮಾನ್ಯ ಜನರ ಕೈಗೆ ಕೊಡಬೇಕೆಂದು ಜಗತ್ತಿನ ಅತಿ ಶ್ರೀಮಂತ ಕಂಪೆನಿಗಳು ಹಣವನ್ನು ನೀರಿನಂತೆ ಸುರಿಯುತ್ತ ಬಂದಿವೆ. ಮಕ್ಕಳು ಮೊಬೈಲಿನಲ್ಲಿ ಇದರ ಜಾಹೀರಾತು ನೋಡಿ, “ಅಪ್ಪಾ, ನನಗೂ ಒಂದು” ಎನ್ನಲು ಶುರುಮಾಡಿದ್ದಾರೆ. ಆದ್ದರಿಂದ ಈ ವಸ್ತು ಎಲ್ಲಿಂದ ಬಂತು, ಯಾಕೆ ಇಷ್ಟು ನಿಧಾನವಾಗಿ ಬರುತ್ತಿದೆ, ನಮ್ಮ ಮಕ್ಕಳಿಗೆ ಇದರಿಂದ ಆಗಬೇಕಾದ ಕೆಲಸ ಯಾವುದು ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ನಾಟಕದ ಭೂತ, ವಿಮಾನದ ಗಾಜು

ಗಾಜಿನ ಈ ಮೋಸವನ್ನು ಮೊದಲು ಕಾಸು ಮಾಡಿಕೊಂಡವರು ನಾಟಕದವರು. 1862ರ ಕ್ರಿಸ್‌ಮಸ್ ಹಿಂದಿನ ದಿನ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬಾತ ರಂಗದ ಮೇಲೆ ಓರೆಯಾಗಿ ದೊಡ್ಡ ಗಾಜೊಂದನ್ನು ನಿಲ್ಲಿಸಿ, ಪ್ರೇಕ್ಷಕರಿಗೆ ಕಾಣದ ಗುಂಡಿಯಲ್ಲಿ ನಟನನ್ನು ನಿಲ್ಲಿಸಿ, ಅವನ ಮೇಲೆ ಪ್ರಖರ ಬೆಳಕು ಬಿಟ್ಟ. ನಟನ ಪ್ರತಿಬಿಂಬ ರಂಗದ ಮೇಲೆ ಭೂತವಾಗಿ ಓಡಾಡಿತು. ಉಪಾಯದ ಮೂಲ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು. ಹೆಸರು ಉಳಿದದ್ದು ಪೆಪ್ಪರನದು. ಲೋಕದಲ್ಲಿ ಹೀಗಾಗುವುದು ಹೊಸದೇನಲ್ಲ.

ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ಒಂದು ಗಾಜಿನ ಹಲಗೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಮುಂದೆ ಒಂದಡಿ ದೂರದಲ್ಲಿ ಹಚ್ಚಿದ ಮೇಣದ ಬತ್ತಿ, ಹಿಂದೆ ಸರಿಯಾಗಿ ಅಷ್ಟೇ ದೂರದಲ್ಲಿ ಹಚ್ಚದ ಬತ್ತಿ ಇಡಿ. ಕೋಣೆ ಕತ್ತಲು ಮಾಡಿ ಮುಂದಿನಿಂದ ನೋಡಿದರೆ ಹಚ್ಚದ ಬತ್ತಿಯೂ ಉರಿಯುತ್ತಿರುವಂತೆ ಕಾಣುತ್ತದೆ. ಅದನ್ನು ಒಂದು ಅಂಗುಲ ಹಿಂದೆ ಸರಿಸಿ, ನಿಮ್ಮ ತಲೆಯನ್ನು ಅತ್ತಿತ್ತ ಆಡಿಸಿ: ಜ್ವಾಲೆ ಬತ್ತಿಯಿಂದ ಕಳಚಿಕೊಳ್ಳುತ್ತದೆ. ಈ ‘ಕಳಚಿಕೊಳ್ಳುವುದು’ ಎಷ್ಟು ದೊಡ್ಡ ತಲೆನೋವು ಎಂಬುದು ಮುಂದೆ ತಿಳಿಯುತ್ತದೆ. (ಬೆಂಕಿಯ ಕೆಲಸ, ದೊಡ್ಡವರು ಜೊತೆಗಿರಲಿ.)

ನಾಟಕದಿಂದ ಈ ವಿದ್ಯೆ ಬಂದೂಕಿಗೆ ಹೋಯಿತು. 1900ರಲ್ಲಿ ಐರ್ಲೆಂಡಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್, ಗುರಿಯ ಗುರುತನ್ನು ಮಸೂರದ ಮೂಲಕ ಹಾಯಿಸಿ ಓರೆ ಗಾಜಿನ ಮೇಲೆ ಬೀಳಿಸಿದರೆ ಅದು ಬಹುದೂರದಲ್ಲಿರುವ ಗುರಿಯ ಮೇಲೇ ಕೂತಂತೆ ಕಾಣುತ್ತದೆ ಎಂದು ತೋರಿಸಿದ. ಮುಂದೆ ಯುದ್ಧವಿಮಾನಗಳಲ್ಲಿ ಇದೇ ತತ್ವ ಬೆಳೆಯಿತು. ಗಂಟೆಗೆ ಸಾವಿರ ಕಿಲೋಮೀಟರು ಓಡುವ ವಿಮಾನದಲ್ಲಿ ಪೈಲಟ್ ತಲೆ ತಗ್ಗಿಸಿ ವೇಗದ ಮುಳ್ಳು ನೋಡಿ ತಲೆ ಎತ್ತುವುದಕ್ಕೆ ಎರಡು ಸೆಕೆಂಡು ಹಿಡಿದರೂ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಕುರುಡಾಗಿ ಹಾರಿದಂತೆ. ಅದರ ಬದಲು ವೇಗ, ಎತ್ತರಗಳ ಅಂಕಿಗಳೇ ಕಣ್ಣೆದುರಿನ ಗಾಜಿನಲ್ಲಿ ಮೂಡಿದರೆ?

ಇದರ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2001ರ ಜನವರಿ 4ರಂದು ಬೆಂಗಳೂರಿನ ಎಚ್.ಎ.ಎಲ್. ವಿಮಾನನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಮೊದಲ ಬಾರಿಗೆ ಹಾರಿಸಿದ ಹಗುರ ಯುದ್ಧವಿಮಾನಕ್ಕೆ ಅನಂತರ ‘ತೇಜಸ್’ ಎಂಬ ಹೆಸರು ಬಂತು. ಇದನ್ನು ವಿನ್ಯಾಸ ಮಾಡಿದ್ದು, ಕಟ್ಟಿದ್ದು ಎರಡೂ ಬೆಂಗಳೂರಿನಲ್ಲಿ. ತೇಜಸ್ಸಿನ ಪೈಲಟ್ಟಿನ ಕಣ್ಣೆದುರು ಅಂಕಿಗಳನ್ನು ತೇಲಿಸುವ ಸಾಧನವನ್ನು ರೂಪಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ. ಒಂದು ಪುಟ್ಟ ಪರದೆ, ಅದರ ಬೆಳಕನ್ನು ಸಮಾಂತರ ಕಿರಣಗಳನ್ನಾಗಿ ಮಾಡುವ ಮಸೂರಗಳು, ಅದನ್ನು ಪೈಲಟ್ಟಿನ ಕಡೆಗೆ ತಿರುಗಿಸುವ ಓರೆ ಗಾಜು: ಇಷ್ಟೇ ಅದರ ಹೂರಣ. ಸಮಾಂತರ ಕಿರಣಗಳು ದಿಗಂತದಿಂದ ಬಂದಂತೆ ಕಣ್ಣಿಗೆ ಭಾಸವಾಗುವುದರಿಂದ ಪೈಲಟ್ ದೂರದ ಮೋಡವನ್ನೂ ಅಂಕಿಯನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತಾನೆ.

ಹಾಗಾದರೆ ವಿದ್ಯೆ ಕೈಯಲ್ಲಿದೆ. ಕನ್ನಡಕ ಮಾಡಲು ಏನಡ್ಡಿ? ಅಡ್ಡಿ ಗಾತ್ರ. ವಿಮಾನದಲ್ಲಿ ಮಸೂರಕ್ಕೆ ಎಷ್ಟು ಬೇಕಾದರೂ ಜಾಗವಿದೆ, ವಿದ್ಯುತ್ತಿದೆ, ಭಾರದ ಚಿಂತೆ ಅಷ್ಟಾಗಿಲ್ಲ. ಮೂಗಿನ ಮೇಲೆ ಇವ್ಯಾವುವೂ ಇಲ್ಲ.

ಎರಡು ಸೆಂಟಿಮೀಟರಿನ ಕಷ್ಟ

ತಲೆಗೆ ಹಾಕಿಕೊಳ್ಳುವ ಇಂಥ ಸಾಧನವನ್ನು ಗಣಕಯಂತ್ರಕ್ಕೆ ಮೊದಲು ಜೋಡಿಸಿದವರು ಅಮೆರಿಕದ ಐವನ್ ಸದರ್‌ಲ್ಯಾಂಡ್. ವರ್ಷ 1968. ಅವರೂ ಅವರ ವಿದ್ಯಾರ್ಥಿಗಳೂ ಮಾಡಿದ ಯಂತ್ರ ಎಷ್ಟು ಭಾರವಿತ್ತೆಂದರೆ ಅದನ್ನು ಸೂರಿನಿಂದ ತೂಗುಹಾಕಿ ಅದರ ಕೆಳಗೆ ತಲೆ ಕೊಡಬೇಕಿತ್ತು. ಅದರ ತೂಗುಭಾಗಕ್ಕೆ ಗ್ರೀಕ್ ಕಥೆಯ ‘ಡಮೊಕ್ಲಿಸನ ಖಡ್ಗ’ದ ಹೆಸರು ಬಿತ್ತು. ಕಂಡದ್ದು ಬರೀ ಗೆರೆಗಳಿಂದಾದ ಒಂದು ಘನಾಕೃತಿ. ಆದರೆ ತಲೆ ತಿರುಗಿಸಿದರೆ ಘನದ ಬೇರೆ ಮೈ ಕಾಣುತ್ತಿತ್ತು! ‘ವರ್ಧಿತ ವಾಸ್ತವ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಬಂದದ್ದು ಇನ್ನೂ ಇಪ್ಪತ್ತೆರಡು ವರ್ಷ ತಡವಾಗಿ, 1990ರಲ್ಲಿ. ಬೋಯಿಂಗ್ ವಿಮಾನ ಕಾರ್ಖಾನೆಯ ಟಾಮ್ ಕಾಡೆಲ್ ಅದನ್ನಿಟ್ಟರು. ಹಲಗೆಯ ಮೇಲೆ ನೂರಾರು ವೈರು ಜೋಡಿಸುವ ಕೆಲಸಗಾರರಿಗೆ ಯಾವ ವೈರು ಎಲ್ಲಿ ಎಂಬುದು ಕಣ್ಣೆದುರೇ ಮೂಡಲಿ ಎಂಬುದು ಅವರ ಆಸೆ. ನೋಡಿ, ಇದು ಹುಟ್ಟಿದ್ದು ಮೋಜಿಗಲ್ಲ. ಎರಡು ಕೈಯೂ ಕೆಲಸದಲ್ಲಿರುವವನಿಗಾಗಿ.

ಈಗ ಕಷ್ಟಕ್ಕೆ ಬರೋಣ. ಮನೆಯಲ್ಲಿ ಯಾರದಾದರೂ ಕನ್ನಡಕದ ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ‘ಅ’ ಎಂದು ಬರೆದು (ಅಳಿಸಲು ಬರುವ ಪೆನ್ನು!) ಹಾಕಿಕೊಳ್ಳಲು ಹೇಳಿ. ಅವರಿಗೆ ಬರೀ ಮಬ್ಬು ಕಲೆ ಕಾಣುತ್ತದೆ, ಅಕ್ಷರವಲ್ಲ. ಗಾಜು ಕಣ್ಣಿನಿಂದ ಸುಮಾರು ಎರಡು ಸೆಂಟಿಮೀಟರು ದೂರದಲ್ಲಿದೆ; ಆದರೆ ಆರೋಗ್ಯವಂತ ಕಣ್ಣು ಶ್ರಮವಿಲ್ಲದೆ ನೋಡಬಲ್ಲ ಕನಿಷ್ಠ ದೂರ 25 ಸೆಂಟಿಮೀಟರು ಎಂದು ನಮ್ಮ ಪಠ್ಯಪುಸ್ತಕವೇ ಹೇಳುತ್ತದೆ. ಎಳೆಯ ಮಕ್ಕಳು ಏಳೆಂಟು ಸೆಂಟಿಮೀಟರಿನವರೆಗೂ ಎಳೆಯಬಲ್ಲರು. ಚಾಳೀಸು ಬಂದ ನನ್ನಂಥವರಿಗಂತೂ ಪತ್ರಿಕೆಯನ್ನು ಕೈಚಾಚಿ ಹಿಡಿಯಬೇಕು. ಎರಡು ಸೆಂಟಿಮೀಟರಿನಲ್ಲಿರುವುದನ್ನು ನೇರವಾಗಿ ನೋಡಬೇಕಾದರೆ ಕಣ್ಣಿಗೆ 50 ಡಯಾಪ್ಟರಿನಷ್ಟು ಹೆಚ್ಚುವರಿ ಸಾಮರ್ಥ್ಯ ಬೇಕು. ಅದು ಯಾವ ಮನುಷ್ಯನಿಗೂ ಇಲ್ಲ.

ಆದ್ದರಿಂದ ‘ಗಾಜಿನ ಮೇಲೆ ಅಕ್ಷರ ಮೂಡುತ್ತದೆ’ ಎಂಬ ಮಾತು ಸುಳ್ಳು. ಗಾಜಿನ ಮೇಲೆ ಏನೂ ಮೂಡುವುದಿಲ್ಲ. ಕನ್ನಡಕದ ಕಡ್ಡಿಯಲ್ಲಿ ಅಡಗಿದ ಅಕ್ಕಿಕಾಳಿನಷ್ಟು ಪುಟ್ಟ ಪರದೆಯ ಬೆಳಕು ಮಸೂರದಲ್ಲಿ ಹಾದು, ಎರಡು ಮೂರು ಮೀಟರು ದೂರದಿಂದಲೋ ಇನ್ನೂ ಆಚೆಯಿಂದಲೋ ಬಂದಂತೆ ನಟಿಸುತ್ತ ಕಣ್ಣಿಗೆ ಸೇರಬೇಕು. ಪೀನ ಮಸೂರದ ಸಂಗಮಬಿಂದುವಿನಲ್ಲಿ ವಸ್ತುವನ್ನಿಟ್ಟರೆ ಕಿರಣಗಳು ಸಮಾಂತರವಾಗಿ ಹೊರಡುತ್ತವೆ ಎಂದು ಚಿತ್ರ ಬರೆದು ಅಂಕ ಗಳಿಸುತ್ತೀರಲ್ಲ, ಅದೇ ಇಲ್ಲಿ ನಡೆಯುವುದು. ಹಾಗೆಂದು ಆ ಮಸೂರವನ್ನು ಕಣ್ಣೆದುರೇ ಇಡುವಂತಿಲ್ಲ, ಎದುರಿನ ಲೋಕ ಮಸುಕಾಗುತ್ತದೆ. ಪಕ್ಕದಲ್ಲಿಟ್ಟು ಓರೆ ಗಾಜಿನಿಂದ ತಿರುಗಿಸಿದರೆ, ಚಿತ್ರ ದೊಡ್ಡದಾದಷ್ಟೂ ಓರೆ ಗಾಜೂ ದೊಡ್ಡದಾಗಿ ಕನ್ನಡಕ ದಪ್ಪ ಇಟ್ಟಿಗೆಯಾಗುತ್ತದೆ.

ಇದಕ್ಕೆ ಕಂಡುಕೊಂಡ ಜಾಣ ಉಪಾಯ ‘ತರಂಗವಾಹಕ’ ಗಾಜು. ದೂರವಾಣಿಯ ಮಾತನ್ನು ಸಾಗಿಸುವ ಗಾಜಿನೆಳೆ ನಿಮಗೆ ಗೊತ್ತು. ಗಾಜಿನೊಳಗಿನ ಬೆಳಕು ಮೇಲ್ಮೈಗೆ ಸಾಕಷ್ಟು ಓರೆಯಾಗಿ ಬಡಿದರೆ ಹೊರಬರಲಾರದು, ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಪಿಯುಸಿಯಲ್ಲಿ ಓದುವ ಸಂಪೂರ್ಣ ಆಂತರಿಕ ಪ್ರತಿಫಲನ ಇದೇ. ಸಾಧಾರಣ ಗಾಜಿಗೆ ಈ ಕ್ರಾಂತಿಕೋನ ಸುಮಾರು 42 ಡಿಗ್ರಿ. ಕಡ್ಡಿಯ ಕಡೆಯಿಂದ ತೆಳುಗಾಜಿನೊಳಗೆ ಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ಕಣ್ಣಿನೆದುರಿಗೆ ಬರುತ್ತದೆ. ಅಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೀರುಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಕಣ್ಣಿನತ್ತ ಬಿಡುತ್ತವೆ. ಗಾಜು ತೆಳುವಾಗಿಯೇ ಉಳಿಯಿತು! ಆದರೆ ಹಾದಿಯಲ್ಲಿ ಬೆಳಕಿನ ಸೋರಿಕೆ ಅಪಾರ. ನೂರು ಪಾಲು ಹೊರಟರೆ ಕಣ್ಣಿಗೆ ಮುಟ್ಟುವುದು ಒಂದು ಪಾಲಿನ ಆಸುಪಾಸು. ಕಾಲುವೆಯ ಕೊನೆಯ ಹೊಲದವರ ಪಾಡು!

ಬೆಳಕಿನ ಬಡತನ ಅಲ್ಲಿಗೇ ಮುಗಿಯಲಿಲ್ಲ. ಹೊರಗೆ ನಡುಮಧ್ಯಾಹ್ನದ ಬಿಸಿಲಿದೆ. ಬಸ್ಸಿನ ಗಾಜಿನಲ್ಲಿ ಹಗಲು ಹೊತ್ತು ಕಂಡಕ್ಟರು ಕಾಣದ ಹಾಗೆ ಬಿಸಿಲಿನಲ್ಲಿ ಈ ಅಕ್ಷರಗಳೂ ಮಾಯವಾಗುತ್ತವೆ. ಪರದೆಯ ಪ್ರಕಾಶ ಹೆಚ್ಚಿಸೋಣವೆಂದರೆ ಬ್ಯಾಟರಿ ಸಾಲದು. ಮೊಬೈಲಿನಲ್ಲಿ 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಸಾಮಾನ್ಯ. ಕನ್ನಡಕದ ಕಡ್ಡಿಯಲ್ಲಿ ಹಿಡಿಸುವುದು ನೂರೈವತ್ತರಿಂದ ಇನ್ನೂರೈವತ್ತು. ಹೆಚ್ಚು ಶಕ್ತಿ ಸುಟ್ಟರೆ ಕಪಾಲದ ಪಕ್ಕದಲ್ಲೇ ಬಿಸಿ. ಇನ್ನೊಂದು ವಿಚಿತ್ರವಿದೆ: ಈ ಕನ್ನಡಕ ಕಪ್ಪು ಬಣ್ಣವನ್ನು ತೋರಿಸಲಾರದು. ಗಾಜು ಬೆಳಕನ್ನು ಸೇರಿಸಬಲ್ಲದೇ ಹೊರತು ಕಳೆಯಲಾರದು. ಬಸ್ಸಿನ ಗಾಜಿನಲ್ಲಿ ಪ್ರಯಾಣಿಕರ ಬಿಳಿ ಅಂಗಿ ಕಾಣುತ್ತದೆ, ಕಪ್ಪು ತಲೆಗೂದಲಿನ ಜಾಗದಲ್ಲಿ ಹೊಲ ಕಾಣುತ್ತದೆ. ಮುಂದಿನ ಸಲ ಗಮನಿಸಿ.

ಮೇಣದ ಬತ್ತಿಯ ಜ್ವಾಲೆ ಕಳಚಿಕೊಂಡ ತಲೆನೋವು ಈಗ ಬರುತ್ತದೆ. ಬಾಗಿಲಿನ ಮೇಲೆ ಬಾಣವೊಂದನ್ನು ‘ಅಂಟಿಸ’ಬೇಕೆನ್ನಿ. ನೀವು ತಲೆ ತಿರುಗಿಸಿದ ಕೂಡಲೇ ಕನ್ನಡಕ ಅದನ್ನು ಅಳೆದು, ಲೆಕ್ಕ ಹಾಕಿ, ಬಾಣವನ್ನು ಹೊಸ ಜಾಗದಲ್ಲಿ ಬರೆಯಬೇಕು. ಇದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ತಡವಾದರೆ ಬಾಣ ಬಾಗಿಲಿನಿಂದ ಜಾರಿದಂತೆ ಕಂಡು ತಲೆ ತಿರುಗತೊಡಗುತ್ತದೆ.

ಅಂಗಡಿಗೆ ಬಂದ ಕಥೆ

ಜನಸಾಮಾನ್ಯರಿಗೆಂದು ಬಂದ ಮೊದಲ ಹೆಸರುವಾಸಿ ಕನ್ನಡಕ ಗೂಗಲ್ ಗ್ಲಾಸ್. 2012ರಲ್ಲಿ ಪ್ರದರ್ಶನ, 2013ರಲ್ಲಿ ಆಯ್ದ ಕೆಲವರಿಗೆ 1500 ಡಾಲರಿಗೆ ಮಾರಾಟ. ಬಲಗಣ್ಣಿನ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಗಾಜಿನ ತುಂಡು, ಅದರೊಳಗೊಂದು ಚಿಕ್ಕ ಚಿತ್ರ. ಬಾಣ ಅಂಟಿಸುವ ತಂಟೆಗೇ ಅದು ಹೋಗಲಿಲ್ಲ. ಆದರೂ ಸೋತಿತು. ಸೋಲಿಗೆ ಮುಖ್ಯ ಕಾರಣ ದೃಗ್ವಿಜ್ಞಾನವಲ್ಲ, ಎದುರಿಗೆ ಕುಳಿತವರು. ಅದರಲ್ಲೊಂದು ಕ್ಯಾಮೆರಾ ಇತ್ತು. ‘ಇವನು ನನ್ನನ್ನು ನೋಡುತ್ತಿದ್ದಾನೋ, ಚಿತ್ರ ಹಿಡಿಯುತ್ತಿದ್ದಾನೋ’ ಎಂದು ಜನ ರೇಗಿದರು. ಕೆಲವು ಹೋಟೆಲುಗಳು ಒಳಗೆ ಬಿಡಲಿಲ್ಲ. 2015ರ ಜನವರಿಯಲ್ಲಿ ಆ ಮಾರಾಟ ನಿಂತಿತು. ಅನಂತರ ಅದು ಕಾರ್ಖಾನೆಗಳಿಗೆ ಹೋಗಿ ಕೆಲಸಕ್ಕೆ ಬಂತು. ಬೋಯಿಂಗಿನ ವೈರು ಜೋಡಿಸುವವರೇ ಅದನ್ನು ಹಾಕಿಕೊಂಡರು; ಕೆಲಸದ ಹೊತ್ತಿನಲ್ಲಿ ಕಾಲುಭಾಗ ಉಳಿಯಿತೆಂದು ಕಂಪೆನಿ ಹೇಳಿಕೊಂಡಿತು. 1990ರ ಆಸೆ ಹಾಗೆ ಕೈಗೂಡಿತು. 2023ರಲ್ಲಿ ಕಾರ್ಖಾನೆಯ ಆವೃತ್ತಿಯ ಮಾರಾಟವನ್ನೂ ಗೂಗಲ್ ನಿಲ್ಲಿಸಿತು.

ಮೈಕ್ರೋಸಾಫ್ಟಿನ ಹೋಲೋಲೆನ್ಸ್ (2016) ಬಾಣವನ್ನು ಬಾಗಿಲಿಗೆ ಅಂಟಿಸುವ ಕಲೆಯಲ್ಲಿ ಗೆದ್ದಿತು. ಆದರೆ 2019ರ ಎರಡನೆಯ ಆವೃತ್ತಿಯ ತೂಕ 566 ಗ್ರಾಂ, ಅರ್ಧ ಕಿಲೋಗೂ ಮಿಗಿಲು. ಬೆಲೆ 3500 ಡಾಲರು. ಅದು ಕನ್ನಡಕವಲ್ಲ, ಕಿರೀಟ. 2024ರಲ್ಲಿ ಅದರ ತಯಾರಿಕೆಯೂ ನಿಂತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೆಟಾ ಕಂಪೆನಿ ‘ಓರಾಯನ್’ ಎಂಬ ಮಾದರಿ ಕನ್ನಡಕವನ್ನು ತೋರಿಸಿತು. ಅದರ ಮಸೂರ ಗಾಜಿನದಲ್ಲ, ಸಿಲಿಕಾನ್ ಕಾರ್ಬೈಡಿನದು. ವಜ್ರದ ವಕ್ರೀಭವನ ಸೂಚ್ಯಂಕ 2.42 ಎಂದು ಹತ್ತನೇ ತರಗತಿಯ ಕೋಷ್ಟಕದಲ್ಲಿ ಓದಿದ್ದೀರಿ, ಇದರದು 2.6ಕ್ಕೂ ಹೆಚ್ಚು. ಸೂಚ್ಯಂಕ ಹೆಚ್ಚಿದಷ್ಟೂ ಕ್ರಾಂತಿಕೋನ ಕಿರಿದಾಗಿ, ಹೆಚ್ಚು ಓರೆಕೋರೆಯ ಕಿರಣಗಳನ್ನು ಒಳಗೇ ಹಿಡಿದಿಡಬಹುದು, ಚಿತ್ರ ಅಗಲವಾಗುತ್ತದೆ. ಅದರಲ್ಲಿ ಚಿತ್ರ ಸುಮಾರು 70 ಡಿಗ್ರಿ ಹರಡಿತ್ತು. ಒಂದೊಂದನ್ನು ಮಾಡಲು ಹತ್ತು ಸಾವಿರ ಡಾಲರು ತಗಲುತ್ತದೆ ಎಂದು ವರದಿಯಾಯಿತು, ಮಾರಾಟಕ್ಕೆ ಬರಲಿಲ್ಲ. ಅದರ ಬದಲು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಂಗಡಿಗೆ ಬಂದ ಅದೇ ಕಂಪೆನಿಯ ಕನ್ನಡಕದಲ್ಲಿ ಬಲಗಣ್ಣಿಗೆ ಮಾತ್ರ, 20 ಡಿಗ್ರಿಯಷ್ಟು ಕಿರಿದಾದ ಚಿತ್ರ. ತೂಕ 69 ಗ್ರಾಂ. ಬೆಲೆ 799 ಡಾಲರು. ಕೈಚಾಚಿ ಎರಡು ಅಂಗೈಗಳನ್ನು ಒತ್ತಟ್ಟಿಗೆ ಹಿಡಿದರೆ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟು. ಸದರ್‌ಲ್ಯಾಂಡರ ಘನಾಕೃತಿಯಿಂದ ಇಲ್ಲಿಗೆ ಬರಲು ಐವತ್ತೇಳು ವರ್ಷ ಹಿಡಿಯಿತು. ಗಣಕಯಂತ್ರ ಆ ಅವಧಿಯಲ್ಲಿ ಕೋಣೆಯಿಂದ ಜೇಬಿಗೆ ಇಳಿಯಿತು. ಬೆಳಕು ಹಾಗೆ ಯಾರ ಅವಸರಕ್ಕೂ ಬಗ್ಗುವುದಿಲ್ಲ.

ತಂದೆತಾಯಿಗಳು ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ‘ಸ್ಮಾರ್ಟ್ ಕನ್ನಡಕ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. 2025ರ ಮೇ ತಿಂಗಳಲ್ಲಿ 29,900 ರೂಪಾಯಿಯಿಂದ ನಮ್ಮ ದೇಶದಲ್ಲಿ ಮಾರಾಟ ಆರಂಭಿಸಿದ ರೇಬಾನ್-ಮೆಟಾ ಕನ್ನಡಕದಲ್ಲಿ ಕ್ಯಾಮೆರಾ ಇದೆ, ಕಿವಿಯ ಬಳಿ ಸ್ಪೀಕರಿದೆ, ಮೈಕಿದೆ. ಕಣ್ಣೆದುರು ಚಿತ್ರ ಮೂಡಿಸುವ ಪರದೆ ಇಲ್ಲವೇ ಇಲ್ಲ. ಇನ್ನು ಕೆಲವು ಅಗ್ಗದವುಗಳಲ್ಲಿ ಕ್ಯಾಮೆರಾವೂ ಇಲ್ಲ, ಬರೀ ಹಾಡು ಕೇಳುವ ಸ್ಪೀಕರು. ಜಾಹೀರಾತಿನ ಚಿತ್ರದಲ್ಲಿ ತೇಲುವ ಅಕ್ಷರಗಳನ್ನು ನೋಡಿ ಮಗ ಕೇಳುತ್ತಾನೆ, ಮನೆಗೆ ಬರುವುದು ಹಾಡುವ ಕನ್ನಡಕ. ಕೊಳ್ಳುವ ಮುಂಚೆ ಮೂರೇ ಪ್ರಶ್ನೆ ಕೇಳಿ: ಕಣ್ಣಿಗೆ ಏನಾದರೂ ತೋರಿಸುತ್ತದೆಯೇ? ಕ್ಯಾಮೆರಾ ಇದೆಯೇ? ಮೊಬೈಲಿನ ಸಂಪರ್ಕ ಕಡಿದರೆ ಏನುಳಿಯುತ್ತದೆ? ಮೂರನೆಯ ಪ್ರಶ್ನೆಗೆ ಹೆಚ್ಚಿನ ಸಲ ಬರುವ ಉತ್ತರ: ತಂಪು ಕನ್ನಡಕ.

ಎದುರಿನವರ ಕಣ್ಣಿನಲ್ಲಿ

ಗೂಗಲ್ ಗ್ಲಾಸನ್ನು ಸೋಲಿಸಿದ ಪ್ರಶ್ನೆ ಇನ್ನೂ ಹಾಗೆಯೇ ಇದೆ, ಉಲ್ಬಣಿಸಿದೆ ಎನ್ನಬೇಕು. 2024ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಇಂಥ ಕ್ಯಾಮೆರಾ ಕನ್ನಡಕವನ್ನು ಅಂತರಜಾಲದ ಮುಖಶೋಧಕ್ಕೆ ಜೋಡಿಸಿ, ದಾರಿಯಲ್ಲಿ ಹೋಗುವ ಅಪರಿಚಿತರ ಹೆಸರು, ವಿಳಾಸಗಳನ್ನು ಕ್ಷಣದಲ್ಲಿ ತೆಗೆದು ತೋರಿಸಿದರು. ಎಚ್ಚರಿಕೆ ಕೊಡುವುದಷ್ಟೇ ಅವರ ಉದ್ದೇಶ, ತಂತ್ರಾಂಶವನ್ನು ಹೊರಬಿಡಲಿಲ್ಲ. ಚಿತ್ರ ಹಿಡಿಯುವಾಗ ಕನ್ನಡಕದಲ್ಲಿ ಪುಟ್ಟ ದೀಪ ಹತ್ತುತ್ತದೆ ಎಂದು ಕಂಪೆನಿಗಳು ಸಮಾಧಾನ ಹೇಳುತ್ತವೆ. ಆ ದೀಪವನ್ನು ಕೆಡಿಸಿಕೊಡುವವರೂ ಹುಟ್ಟಿಕೊಂಡಿದ್ದಾರೆಂದು 2025ರಲ್ಲಿ ವರದಿಯಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಮಾಹಿತಿಯನ್ನು ಕಂಪೆನಿಗಳು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ; ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಆದರೆ ಪಕ್ಕದ ಬೆಂಚಿನ ಹುಡುಗ ಕನ್ನಡಕದಲ್ಲಿ ಸಹಪಾಠಿಯ ಚಿತ್ರ ಹಿಡಿದರೆ ತಡೆಯಬೇಕಾದದ್ದು ಆ ಶಾಲೆ, ಆ ಮನೆ.

ಪರೀಕ್ಷೆಯ ಮಾತೂ ಇದೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯ ಕೇಂದ್ರಗಳಲ್ಲಿ ಬ್ಲೂಟೂತ್ ಸಾಧನದಿಂದ ಉತ್ತರ ಕೇಳಿಸಿಕೊಂಡು ಬರೆದ ಪ್ರಕರಣ ಇಡೀ ರಾಜ್ಯಕ್ಕೆ ಗೊತ್ತು. ಅಲ್ಲಿ ಸಾಧನವನ್ನು ಬಚ್ಚಿಡಬೇಕಿತ್ತು. ಕನ್ನಡಕವನ್ನು ಯಾರೂ ಬಚ್ಚಿಡುವುದಿಲ್ಲ, ಮುಖದ ಮೇಲೇ ಇರುತ್ತದೆ. ಕೊಠಡಿ ಮೇಲ್ವಿಚಾರಕರು ಇನ್ನು ಮುಂದೆ ಮಕ್ಕಳ ಕನ್ನಡಕದ ಕಡ್ಡಿ ಎಷ್ಟು ದಪ್ಪ ಎಂದೂ ನೋಡಬೇಕಾಗುತ್ತದೆ. ನಿಜವಾಗಿ ದೃಷ್ಟಿದೋಷವಿರುವ ಮಕ್ಕಳನ್ನು ಆ ಗಡಿಬಿಡಿಯಲ್ಲಿ ನೋಯಿಸದಿರುವ ವಿವೇಕವೂ ಬೇಕು.

ಓದಿ ಹೇಳುವ ಕನ್ನಡಕ

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದರೆ ಇದರಿಂದ ನಮಗೇನು’ ಎಂದು ಕೇಳಬಹುದು. ಕಣ್ಣಿಗೆ ತೋರಿಸುವ ಕನ್ನಡಕ ಇಷ್ಟು ಕಷ್ಟಪಡುತ್ತಿರುವಾಗ, ತೋರಿಸುವ ಗೊಡವೆಯನ್ನೇ ಬಿಟ್ಟು ಕಿವಿಗೆ ಹೇಳುವ ಕನ್ನಡಕ ಸದ್ದಿಲ್ಲದೆ ಕೆಲಸಕ್ಕೆ ಬಂದುಬಿಟ್ಟಿದೆ, ಕಣ್ಣು ಕಾಣದವರಿಗೆ. ಅವರಿಗೆ ತರಂಗವಾಹಕ ಬೇಡ, ಬಿಸಿಲಿನ ಚಿಂತೆಯಿಲ್ಲ, ಕಪ್ಪು ಬಣ್ಣದ ತಕರಾರಿಲ್ಲ. ಬೇಕಾದದ್ದು ಒಂದು ಕ್ಯಾಮೆರಾ ಮತ್ತು ಅದು ಕಂಡದ್ದನ್ನು ಮಾತಾಗಿಸುವ ಬುದ್ಧಿ.

ಬೆಂಗಳೂರಿನ ಎಸ್.ಎಚ್.ಜಿ. ಟೆಕ್ನಾಲಜೀಸ್ ಸಂಸ್ಥೆ ‘ವಿಷನ್-ಏಡ್’ ಎಂಬ ಸೇವಾಸಂಸ್ಥೆಯ ಜೊತೆಗೂಡಿ ರೂಪಿಸಿದ ‘ಸ್ಮಾರ್ಟ್ ವಿಷನ್’ ಕನ್ನಡಕ ಇಂಥದ್ದು. ಚೌಕಟ್ಟಿನಲ್ಲೊಂದು ಕ್ಯಾಮೆರಾ, ಲೆಕ್ಕಾಚಾರವೆಲ್ಲ ಜೇಬಿನಲ್ಲಿರುವ ಮೊಬೈಲಿನಲ್ಲಿ. ಎದುರಿಗೆ ಹಿಡಿದ ಮುದ್ರಿತ ಹಾಳೆಯನ್ನು ಓದಿ ಹೇಳುತ್ತದೆ, ಎದುರಿರುವ ವಸ್ತುಗಳನ್ನು ಹೆಸರಿಸುತ್ತದೆ, ಮೊದಲೇ ಪರಿಚಯಿಸಿಟ್ಟ ಮುಖಗಳನ್ನು ಗುರುತಿಸುತ್ತದೆ, ನಡೆಯುವಾಗ ಅಡ್ಡಿಯಿದ್ದರೆ ಎಚ್ಚರಿಸುತ್ತದೆ. ಓದುವ ಭಾಷೆಗಳಲ್ಲಿ ಭಾರತೀಯ ಭಾಷೆಗಳೂ ಇವೆ. ಮೊದಲು ಹೇಳಿದ ಮುಖ ಗುರುತಿಸುವ ವಿದ್ಯೆ ಇಲ್ಲಿ ಮನೆಯವರ ಮುಖ ಕಾಣದವನಿಗೆ ‘ಅಕ್ಕ ಬಂದಳು’ ಎಂದು ಹೇಳುತ್ತದೆ. 2026ರ ಫೆಬ್ರುವರಿಯಲ್ಲಿ ಬೆಂಗಳೂರಿನದೇ ಆದ ‘ಸರ್ವಂ’ ಸಂಸ್ಥೆ ದೆಹಲಿಯ ಕೃತಕ ಬುದ್ಧಿಮತ್ತೆಯ ಸಮ್ಮೇಳನದಲ್ಲಿ ‘ಕೇಜ್’ ಎಂಬ ಕನ್ನಡಕವನ್ನು ಪ್ರದರ್ಶಿಸಿತು. ಅದು ಎಲ್ಲರಿಗೂ ಎಂದು ಉದ್ದೇಶಿಸಿದ್ದು, ಆ ಸಂಸ್ಥೆಯ ಮುಖ್ಯ ಕೆಲಸವೇ ಭಾರತೀಯ ಭಾಷೆಗಳನ್ನು ಯಂತ್ರಕ್ಕೆ ಕಲಿಸುವುದು.

ಯಂತ್ರಕ್ಕೆ ಕನ್ನಡ ಓದಿಸುವುದು ಇಂಗ್ಲಿಷ್ ಓದಿಸಿದಷ್ಟು ಸಲೀಸಲ್ಲ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿ ಐವತ್ತೆರಡು ರೂಪ, ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನೂರು ದಾಟುತ್ತದೆ. ಅದರ ಮೇಲೆ, ಅಲ್ಲ, ಅದರ ಕೆಳಗೆ ಒತ್ತಕ್ಷರ! ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಒಂದು ದೀರ್ಘ ಸ್ವರ ಮೇಲೆ ಕೆಳಗೆ ಪಕ್ಕದಲ್ಲಿ ಹರಡಿಕೊಂಡಿವೆ. ‘ರ’ಕ್ಕೂ ‘ಠ’ಕ್ಕೂ ಒಂದು ಚುಕ್ಕೆಯ ವ್ಯತ್ಯಾಸ. ‘ಪ’ಕ್ಕೆ ನಡುವೆ ಗೆರೆ ಬಂದರೆ ‘ಷ’. ಸವೆದ ಅಚ್ಚಿನಲ್ಲಿ, ಮಾಸಿದ ಬೋರ್ಡಿನಲ್ಲಿ ಆ ಚುಕ್ಕೆ, ಆ ಗೆರೆ ಅಳಿಸಿದ್ದರೆ ನಾವು ಅರ್ಥದಿಂದ ಊಹಿಸಿಕೊಳ್ಳುತ್ತೇವೆ. ಯಂತ್ರಕ್ಕೆ ಆ ಊಹೆಯನ್ನೂ ಕಲಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ದುಡಿದು ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತಗಳನ್ನೂ ಅದು ಓದುವಂತೆ ಮಾಡಿದರು. ಇಂಥ ಕೆಲಸಕ್ಕೆ ಜಾಹೀರಾತಿನ ಥಳುಕಿಲ್ಲ. ಆದರೆ ಕ್ಯಾಮೆರಾ ಕನ್ನಡಕ ಯಾವ ದೇಶದಲ್ಲೇ ತಯಾರಾಗಲಿ, ಇಂಥ ವಿದ್ಯೆ ಅದರೊಳಗಿಲ್ಲದಿದ್ದರೆ ಹಾಸನದ ಬಸ್‌ನಿಲ್ದಾಣದಲ್ಲಿ ನಿಂತ ಅಂಧ ವಿದ್ಯಾರ್ಥಿನಿಗೆ ಎದುರಿನ ಬೋರ್ಡು ‘ಅರಕಲಗೂಡು’ ಎನ್ನುತ್ತಿದೆಯೋ ‘ಹೊಳೆನರಸೀಪುರ’ ಎನ್ನುತ್ತಿದೆಯೋ ಅದು ಹೇಳಲಾರದು. ಆಕೆ ಈಗಿನಂತೆ ಪಕ್ಕದವರನ್ನೇ ಕೇಳಬೇಕು.

ಈ ಓದುವ ಕಸುಬು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಕನ್ನಡಕವನ್ನೇ ಕೊಳ್ಳಬೇಕಿಲ್ಲ. ಮನೆಯ ಮೊಬೈಲಿನಲ್ಲಿರುವ ಗೂಗಲ್ ಅನುವಾದದ ಕ್ಯಾಮೆರಾ ಕನ್ನಡ ಅಕ್ಷರಗಳನ್ನು ಗುರುತಿಸುತ್ತದೆ. ವಿದ್ಯಾರ್ಥಿಗಳು ಒಂದು ಭಾನುವಾರ ಅದನ್ನು ಹಿಡಿದು ಹೊರಡಲಿ. ಮೊದಲು ಪಠ್ಯಪುಸ್ತಕದ ಒಂದು ಪುಟ, ಆಮೇಲೆ ಪೇಟೆಯ ಅಂಗಡಿ ಬೋರ್ಡು, ಬಸ್ಸಿನ ಹಣೆಬರಹ, ಬಣ್ಣ ಮಾಸಿದ ಗೋಡೆಬರಹ, ಕೊನೆಗೆ ಅಜ್ಜಿ ಬರೆದಿಟ್ಟ ಹಳೆಯ ಕಾಗದ. ಎಷ್ಟು ಪದಗಳಲ್ಲಿ ಎಷ್ಟು ತಪ್ಪು, ಯಾವ ಒತ್ತಕ್ಷರದಲ್ಲಿ ಎಡವಿತು, ಮಧ್ಯಾಹ್ನದ ಬಿಸಿಲಿಗೂ ಸಂಜೆಗೂ ವ್ಯತ್ಯಾಸವಾಯಿತೇ ಎಂದು ಪಟ್ಟಿ ಮಾಡಿ ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ. ಅಜ್ಜಿಯ ಕಾಗದವನ್ನು ಮಾತ್ರ ಮೊಬೈಲಿಗೆ ತೋರಿಸುವ ಮುಂಚೆ ಅಜ್ಜಿಯ ಬಾಯಿಂದಲೇ ಒಮ್ಮೆ ಓದಿಸಿಕೊಳ್ಳಿ. ತಾಳೆ ನೋಡಲು ಸರಿಯಾದ ಪಾಠ ಬೇಕಲ್ಲ.